ಡಾ. ಡೆನಿಸ್ ಬರ್ಕಿಟ್: ಮಕ್ಕಳ ಕ್ಯಾನ್ಸರಿನ ಜಾಡು ಹಿಡಿದ ವೈದ್ಯ

ವೈರಸ್ ಸೋಂಕಿನಿಂದ ಕ್ಯಾನ್ಸರ್ ಬರಬಹುದೇ? ಬಂದರೆ ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ? ರೋಗಿಗಳ ಮನೆಗಳಿಗೆ ಭೇಟಿ ನೀಡುವ ಗುರಿಕಾರರಿಗೂ ಧರ್ಮಭಗಿನಿಯರಿಗೂ ಈ ಪ್ರಶ್ನೆ ಎದುರಾಗುವುದುಂಟು. ಇದಕ್ಕೆ ಉತ್ತರ ಸಿಗಲು ದಾರಿ ಮಾಡಿಕೊಟ್ಟವರಲ್ಲಿ ಪ್ರಮುಖರು ಉಗಾಂಡದಲ್ಲಿ ಸೇವೆ ಸಲ್ಲಿಸಿದ ಶಸ್ತ್ರವೈದ್ಯ ಡಾ. ಡೆನಿಸ್ ಪಾರ್ಸನ್ಸ್ ಬರ್ಕಿಟ್.

ಬರ್ಕಿಟ್ ಅವರು 1911ರ ಫೆಬ್ರವರಿ 28ರಂದು ಐರ್ಲೆಂಡಿನ ಎನ್ನಿಸ್ಕಿಲ್ಲೆನ್ ಎಂಬಲ್ಲಿ ಜನಿಸಿದರು. ತಂದೆ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿ ಎಲ್ಲಿ ವಾಸಿಸುತ್ತದೆ ಎಂದು ನಕ್ಷೆ ಬರೆಯುವ ಹವ್ಯಾಸ ಅವರದು. ನಕ್ಷೆ ಬರೆಯುವ ಈ ಅಭ್ಯಾಸ ಮುಂದೆ ಮಗನ ಕೈಯಲ್ಲಿ ಸಾವಿರಾರು ಮಕ್ಕಳಿಗೆ ಉಪಕಾರವಾಯಿತು. 11ನೇ ವಯಸ್ಸಿನಲ್ಲಿ ಕಲ್ಲು ತಗಲಿ ಬಾಲಕ ಡೆನಿಸ್ ಬಲಗಣ್ಣನ್ನು ಕಳೆದುಕೊಂಡರು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಸೇರಿದ ಅವರು, ಪ್ರಾರ್ಥನಾ ಕೂಟವೊಂದರ ಗೆಳೆಯರ ಒಡನಾಟದಲ್ಲಿ ವಿಶ್ವಾಸದಲ್ಲಿ ಬೆಳೆದು, ವೈದ್ಯನಾಗುವುದೇ ತನಗೆ ದೇವರ ಕರೆ ಎಂದು ನಿರ್ಧರಿಸಿದರು. 1935ರಲ್ಲಿ ವೈದ್ಯ ಪದವಿ ಪಡೆದರು. ಆಫ್ರಿಕಾದಲ್ಲಿ ಸೇವೆ ಮಾಡಲು ಅರ್ಜಿ ಹಾಕಿದಾಗ ಒಂದೇ ಕಣ್ಣು ಎಂಬ ಕಾರಣಕ್ಕೆ ಮೊದಲು ನಿರಾಕರಿಸಲಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿ ದುಡಿದು, 1946ರಲ್ಲಿ ಉಗಾಂಡಕ್ಕೆ ತೆರಳಿದರು. ಬಳಿಕ ರಾಜಧಾನಿ ಕಂಪಾಲಾದ ಮುಲಾಗೋ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು.

1957ರಲ್ಲಿ ಸಹೋದ್ಯೋಗಿ ಡಾ. ಹ್ಯೂ ಟ್ರೋವೆಲ್ ಅವರು ಒಬ್ಬ ಪುಟ್ಟ ಬಾಲಕನನ್ನು ನೋಡಲು ಬರ್ಕಿಟ್ ಅವರನ್ನು ಕರೆದರು. ಬಾಲಕನ ಮೇಲಿನ ಮತ್ತು ಕೆಳಗಿನ ದವಡೆಗಳ ಎರಡೂ ಬದಿಗಳಲ್ಲಿ ಗಡ್ಡೆ ಊದಿಕೊಂಡಿತ್ತು. ಕೆಲವೇ ವಾರಗಳ ನಂತರ ಜಿಂಜಾ ಪಟ್ಟಣದ ಆಸ್ಪತ್ರೆಯಲ್ಲಿ ಅಂಥದೇ ಮುಖದ ಇನ್ನೊಂದು ಮಗು ಕಣ್ಣಿಗೆ ಬಿತ್ತು. ಅದರ ಹೊಟ್ಟೆಯಲ್ಲೂ ಗಡ್ಡೆಗಳಿದ್ದವು. ಎರಡು ಮಕ್ಕಳಲ್ಲಿ ಒಂದೇ ಬಗೆಯ ರೋಗ ಆಕಸ್ಮಿಕವಾಗಿರಲಾರದು ಎಂದು ಅವರಿಗೆ ಅನಿಸಿತು. ಆಸ್ಪತ್ರೆಯ ದಾಖಲೆಗಳನ್ನು ಶೋಧಿಸಿ, 1958ರಲ್ಲಿ ಇಂಥ 38 ಮಕ್ಕಳ ಬಗ್ಗೆ ಲೇಖನ ಪ್ರಕಟಿಸಿದರು. ಇದು ದುಗ್ಧರಸ ಗ್ರಂಥಿಗಳ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಅಂದರೆ ಲಿಂಫೋಮಾ ಎಂದು ಮುಂದೆ ಖಚಿತವಾಯಿತು. ಇಂದು ಅದಕ್ಕೆ ಬರ್ಕಿಟ್ ಲಿಂಫೋಮಾ ಎಂದೇ ಹೆಸರು.

ಈ ರೋಗ ಎಲ್ಲೆಲ್ಲಿದೆ ಎಂದು ತಿಳಿಯಲು ಬರ್ಕಿಟ್ ಅವರು ಆಫ್ರಿಕಾದ ಸರ್ಕಾರಿ ಮತ್ತು ಮಿಷನ್ ಆಸ್ಪತ್ರೆಗಳಿಗೆ ರೋಗಿಗಳ ಚಿತ್ರಗಳ ಸಹಿತ ಪ್ರಶ್ನಾವಳಿ ಕಳುಹಿಸಿದರು. ದೂರದ ಹಳ್ಳಿಗಳಲ್ಲಿ ದುಡಿಯುತ್ತಿದ್ದ ಮಿಷನರಿ ವೈದ್ಯರು ಉತ್ತರಿಸಿದರು. ಅವರಲ್ಲೊಬ್ಬರಾದ ಡಾ. ಟೆಡ್ ವಿಲಿಯಮ್ಸ್ ಹಾಗೂ ಡಾ. ಕ್ಲಿಫ್ ನೆಲ್ಸನ್ ಅವರೊಂದಿಗೆ 1961ರಲ್ಲಿ ಹಳೆಯ ಫೋರ್ಡ್ ವಾಹನವೊಂದರಲ್ಲಿ ಸುಮಾರು 10 ವಾರ, 16,000 ಕಿಲೋಮೀಟರ್ ಸುತ್ತಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ವಿಚಾರಿಸಿದರು. ನಕ್ಷೆಯಲ್ಲಿ ಗುರುತು ಹಾಕಿದಾಗ ಆಫ್ರಿಕಾದ ನಡುವೆ ಒಂದು ಪಟ್ಟಿ ಮೂಡಿತು. ಮಳೆ ಹೆಚ್ಚಿರುವ, ಸೆಕೆಯ ಪ್ರದೇಶಗಳಲ್ಲಿ ರೋಗವಿತ್ತು. ಎತ್ತರದ ತಂಪು ನಾಡುಗಳಲ್ಲಿ ಇರಲಿಲ್ಲ. ಅದು ಸೊಳ್ಳೆಗಳಿರುವ ಪ್ರದೇಶ, ಮಲೇರಿಯಾದ ಪ್ರದೇಶ. ಸೊಳ್ಳೆಯಿಂದ ಹರಡುವ ಯಾವುದೋ ವೈರಸ್ ಇದಕ್ಕೆ ಕಾರಣವಿರಬಹುದೇ ಎಂಬ ಸಂಶಯ ಹುಟ್ಟಿತು.

1961ರ ಮಾರ್ಚ್‌ನಲ್ಲೇ ಬರ್ಕಿಟ್ ಅವರು ಲಂಡನ್ನಿನಲ್ಲಿ ನೀಡಿದ್ದ ಉಪನ್ಯಾಸವನ್ನು ಆಂಟನಿ ಎಪ್‌ಸ್ಟೈನ್ ಎಂಬ ಯುವ ವಿಜ್ಞಾನಿ ಕೇಳಿದ್ದರು. ಗಡ್ಡೆಯ ತುಣುಕುಗಳನ್ನು ತಮಗೆ ಕಳುಹಿಸುವಂತೆ ಅವರು ವಿನಂತಿಸಿದರು. ಬರ್ಕಿಟ್ ಹಿಂಜರಿಯದೆ ಕಂಪಾಲಾದಿಂದ ವಿಮಾನದಲ್ಲಿ ಕಳುಹಿಸತೊಡಗಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಏನೂ ಸಿಗಲಿಲ್ಲ. 1963ರ ಡಿಸೆಂಬರ್‌ನಲ್ಲಿ ಮಂಜಿನಿಂದಾಗಿ ವಿಮಾನ ಲಂಡನ್ನಿನ ಬದಲು ಮ್ಯಾಂಚೆಸ್ಟರಿನಲ್ಲಿ ಇಳಿದು, ತುಣುಕು ತಡವಾಗಿ ತಲುಪಿತು. ಅದರ ದ್ರವ ಕದಡಿತ್ತು. ಹಾಳಾಯಿತೆಂದು ಎಸೆಯದೆ ಪರೀಕ್ಷಿಸಿದಾಗ, ದ್ರವದಲ್ಲಿ ಕ್ಯಾನ್ಸರ್ ಕೋಶಗಳು ಬಿಡಿಬಿಡಿಯಾಗಿ ಜೀವಂತವಾಗಿದ್ದವು. ಅವುಗಳನ್ನು ಬೆಳೆಸಿ, 1964ರ ಫೆಬ್ರವರಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಸ ವೈರಸ್ ಕಂಡಿತು. ಎಪ್‌ಸ್ಟೈನ್, ಅವರ ಸಹಾಯಕಿ ಇವಾನ್ ಬಾರ್ ಇವರಿಬ್ಬರ ಹೆಸರಿನಿಂದ ಅದು ಎಪ್‌ಸ್ಟೈನ್-ಬಾರ್ ವೈರಸ್ ಎನಿಸಿತು. ಮನುಷ್ಯರಲ್ಲಿ ಕ್ಯಾನ್ಸರಿನೊಂದಿಗೆ ನಂಟು ಕಂಡುಬಂದ ಮೊದಲ ವೈರಸ್ ಇದು.

ಆದರೆ ಮುಂದಿನ ಸಂಶೋಧನೆ ಅಚ್ಚರಿ ತಂದಿತು. ಈ ವೈರಸ್ ಹರಡುವುದು ಸೊಳ್ಳೆಯಿಂದಲ್ಲ, ಎಂಜಲಿನಿಂದ. ಜಗತ್ತಿನ ವಯಸ್ಕರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಇದು ಇದೆ. ಬಾಲ್ಯದಲ್ಲಿ ಬಂದರೆ ಹೆಚ್ಚಾಗಿ ತಿಳಿಯುವುದೇ ಇಲ್ಲ. ಒಮ್ಮೆ ಬಂದ ವೈರಸ್ 'ಬಿ' ಎಂಬ ಬಿಳಿ ರಕ್ತಕೋಶಗಳಲ್ಲಿ ಜೀವನಪರ್ಯಂತ ಅಡಗಿರುತ್ತದೆ; ದೇಹದ ರಕ್ಷಣಾ ಶಕ್ತಿ ಅದನ್ನು ಹತೋಟಿಯಲ್ಲಿಡುತ್ತದೆ. ಮಗುವಿಗೆ ಮತ್ತೆ ಮತ್ತೆ ಮಲೇರಿಯಾ ಬಂದಾಗ ಈ ಹತೋಟಿ ಸಡಿಲವಾಗುತ್ತದೆ, 'ಬಿ' ಕೋಶಗಳು ಅತಿಯಾಗಿ ವಿಭಜನೆಗೊಳ್ಳುತ್ತವೆ. ಆಗ ಒಂದು ಕೋಶದ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಬೆಳವಣಿಗೆಯ ಜೀನ್ ಕಡಿವಾಣವಿಲ್ಲದೆ ಕೆಲಸ ಮಾಡಿದರೆ ಕ್ಯಾನ್ಸರ್ ಆರಂಭವಾಗುತ್ತದೆ. ಬರ್ಕಿಟ್ ಅವರ ನಕ್ಷೆ ತೋರಿಸಿದ್ದು ವೈರಸ್ಸಿನ ನೆಲೆಯನ್ನಲ್ಲ, ಅದಕ್ಕೆ ಜೊತೆಯಾದ ಮಲೇರಿಯಾದ ನೆಲೆಯನ್ನು. ಮಲೇರಿಯಾ ಇಲ್ಲದ ದೇಶಗಳಲ್ಲೂ ಈ ರೋಗ ಅಪರೂಪಕ್ಕೆ ಬರುತ್ತದೆ. ಅಂಥ ಹಲವರಲ್ಲಿ ಈ ವೈರಸ್ ಕಾಣುವುದಿಲ್ಲ.

ಬರ್ಕಿಟ್ ಅವರು ಕಾರಣ ಹುಡುಕುವುದರಲ್ಲೇ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಅರಿತು, ಆಗ ಹೊಸದಾಗಿದ್ದ ಕ್ಯಾನ್ಸರ್ ಔಷಧಿಗಳನ್ನು ನೀಡಿದರು. ಕೆಲವು ಮಕ್ಕಳ ಗಡ್ಡೆಗಳು ದಿನಗಳಲ್ಲೇ ಕರಗಿದವು, ಕೆಲವರು ಸಂಪೂರ್ಣ ಗುಣವಾದರು. ಇಂದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಈ ರೋಗದ ಹೆಚ್ಚಿನ ಮಕ್ಕಳು ಬದುಕುಳಿಯುತ್ತಾರೆ. ಬಡ ಪ್ರದೇಶಗಳಲ್ಲಿ ಇನ್ನೂ ಹಾಗಿಲ್ಲ ಎಂಬುದು ನೋವಿನ ಸಂಗತಿ.

1966ರಲ್ಲಿ ಇಂಗ್ಲೆಂಡಿಗೆ ಮರಳಿದ ಬರ್ಕಿಟ್, ಆಹಾರದಲ್ಲಿ ನಾರಿನಂಶದ ಮಹತ್ವ ಸಾರಿ ಲೋಕಪ್ರಸಿದ್ಧರಾದರು. ಪ್ರೊಟೆಸ್ಟೆಂಟ್ ಸಭೆಯವರಾದ ಅವರು ಕೊನೆಯವರೆಗೂ ಪ್ರಾರ್ಥನೆ, ಬೈಬಲ್ ವಾಚನ ಬಿಡಲಿಲ್ಲ. 1993ರ ಮಾರ್ಚ್ 23ರಂದು ನಿಧನರಾದರು. ವೈರಸ್ ಕಂಡುಹಿಡಿದ ಕೀರ್ತಿ ತನ್ನದೆಂದು ಅವರು ಹೇಳಿಕೊಳ್ಳಲಿಲ್ಲ.

ಅವರ ಬಳಿಕ ಈ ಜ್ಞಾನ ಇನ್ನಷ್ಟು ಬೆಳೆದಿದೆ. ದೀರ್ಘಕಾಲದ ಹೆಪಟೈಟಿಸ್-ಸಿ ಸೋಂಕು, ಎಚ್.ಐ.ವಿ. ಸೋಂಕು ಇರುವವರಲ್ಲೂ ಲಿಂಫೋಮಾದ ಸಾಧ್ಯತೆ ಹೆಚ್ಚು. ಹೆಪಟೈಟಿಸ್-ಸಿ ಇದ್ದ ಕೆಲವರಲ್ಲಿ ವೈರಸ್ಸಿಗೆ ಔಷಧಿ ಕೊಟ್ಟಾಗ ಲಿಂಫೋಮಾವೂ ಇಳಿದದ್ದನ್ನು 2002ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಸೋಂಕನ್ನು ಬೇಗ ಪತ್ತೆಹಚ್ಚಿ ಚಿಕಿತ್ಸೆ ಪಡೆಯುವುದು ಇದಕ್ಕಾಗಿಯೇ ಮುಖ್ಯ.

ಆತ್ಮೀಯರೇ, ವೈರಸ್ ಬಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬರುವುದು ಬಹಳ ಕೆಲವರಿಗೆ ಮಾತ್ರ. ಲಿಂಫೋಮಾ ಅಂಟುರೋಗವಲ್ಲ. ರೋಗಿಯ ಪಕ್ಕದಲ್ಲಿ ಕೂತು, ಕೈಹಿಡಿದು, ಒಟ್ಟಿಗೆ ಊಟ ಮಾಡಲು ಭಯಪಡಬೇಕಿಲ್ಲ. ಆದರೆ ಕುತ್ತಿಗೆ, ಕಂಕುಳು, ತೊಡೆಸಂದಿನ ಗಡ್ಡೆ ಕೆಲವು ವಾರ ಕಳೆದರೂ ಇಳಿಯದಿದ್ದರೆ, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಗುವಿನ ದವಡೆ ಅಥವಾ ಹೊಟ್ಟೆ ಬೇಗಬೇಗನೆ ಊದುತ್ತಿದ್ದರೆ ಒಂದು ದಿನವೂ ಕಾಯಬಾರದು. ನಮ್ಮ ವಾರ್ಡುಗಳಲ್ಲಿ ಅಂಥ ಮನೆ ಇದ್ದರೆ, ಪ್ರಾರ್ಥನೆಯ ಜೊತೆಗೆ ಆಸ್ಪತ್ರೆಗೆ ಕರೆದೊಯ್ಯುವ ಜವಾಬ್ದಾರಿಯೂ ನಮ್ಮದಾಗಲಿ.