ಉಕ್ಕಿನ ದಣಿವನ್ನು ಅಳೆದ ವೋಲರ್

ನಮ್ಮ ನೆಕ್ರಾಜೆ ಕಡೆಯ ಗುಡ್ಡದ ದಾರಿಯಲ್ಲಿ ಜೀಪಿನ ಆಕ್ಸಲ್ ತುಂಡಾದರೆ ಎಲ್ಲರೂ ಮೊದಲು ಕೇಳುವುದು, ಲೋಡು ಜಾಸ್ತಿ ಇತ್ತಾ ಅಂತ. ಖಾಲಿ ಗಾಡಿಯದ್ದೂ ತುಂಡಾಗುವುದುಂಟು ಮಾರಾಯ್ರೆ! ಇದರ ಗುಟ್ಟು ಬಿಡಿಸಿದ ಜರ್ಮನಿಯ ರೈಲ್ವೆ ಇಂಜಿನಿಯರ್ ಔಗುಸ್ಟ್ ವೋಲರ್ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನದ ಆಸೆ.

ವೋಲರ್ ಹುಟ್ಟಿದ್ದು 1819ರಲ್ಲಿ, ಹನೋವರ್ ಸೀಮೆಯ ಸೋಲ್ಟಾವ್‌ನಲ್ಲಿ. ಮೇಷ್ಟ್ರ ಮಗ. ಬರ್ಲಿನ್ನಿನ ಬೋರ್ಸಿಗ್ ಕಾರ್ಖಾನೆಯಲ್ಲಿ ದುಡಿದ, ಬೆಲ್ಜಿಯಂಗೆ ಹೋಗಿ ರೈಲು ಓಡಿಸುವುದನ್ನೂ ಕಲಿತ. ಅದು ರೈಲು ಹೊಸತಾಗಿ ಬಂದ ಕಾಲ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಇಂಜಿನ್ ಆಕ್ಸಲ್ ಮುರಿದು, ಬೆಂಕಿ ಹತ್ತಿ 50ಕ್ಕೂ ಹೆಚ್ಚು ಜನ ಸತ್ತಿದ್ದರು. ಅದುರಿ ಅದುರಿ ಕಬ್ಬಿಣ ಒಳಗೇ ಹರಳುಗಟ್ಟುತ್ತದೆ ಎಂಬುದು ಆಗಿನ ಬಹಳ ಪಂಡಿತರ ಮಾತು.

1847ರಲ್ಲಿ ಓಡರ್ ನದಿ ದಂಡೆಯ ಫ್ರಾಂಕ್‌ಫರ್ಟ್‌ನ ರೈಲ್ವೆ ವರ್ಕ್‌ಶಾಪಿಗೆ ಮುಖ್ಯಸ್ಥನಾದ ವೋಲರ್ ಮಾತು ಬಿಟ್ಟು ಅಳತೆಗೆ ಇಳಿದ. ಓಡುವ ರೈಲಿನಲ್ಲಿ ಆಕ್ಸಲ್ ಎಷ್ಟು ಬಾಗುತ್ತದೆಂದು ಸತುವಿನ ತಗಡಿನ ಮೇಲೆ ಗೀರು ಬೀಳಿಸಿ ನೋಡಿದ. ಆಮೇಲೆ ಯಂತ್ರ ಕಟ್ಟಿಸಿ, ಉಕ್ಕಿನ ಸರಳಿನ ತುದಿಗೆ ಭಾರ ಕೊಟ್ಟು ತಿರುಗಿಸಿದ. ಒಂದೊಂದು ಸುತ್ತಿಗೂ ಅದೇ ಜಾಗ ಒಮ್ಮೆ ಹಿಗ್ಗಬೇಕು, ಒಮ್ಮೆ ಕುಗ್ಗಬೇಕು. ಲಕ್ಷಗಟ್ಟಲೆ, ಕೋಟಿಗಟ್ಟಲೆ ಸುತ್ತು! 1870ರವರೆಗೆ ಇದೇ ಕೆಲಸ. ಎಂಥ ತಾಳ್ಮೆ ನೋಡಿ.

ಸಿಕ್ಕಿದ್ದೇನು? ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರದ ಅರ್ಧವೂ ಬೇಡ, ಸಾಕಷ್ಟು ಸಲ ಹಿಂದುಮುಂದಾದರೆ ಉಕ್ಕು ಮುರಿಯುತ್ತದೆ. ಭಾರ ತಗ್ಗಿಸಿದಷ್ಟು ಆಯುಷ್ಯ ಹೆಚ್ಚು. ಒಂದು ಮಿತಿಯಿಂದ ಕೆಳಗೆ ಬಂದರೆ ಎಷ್ಟು ತಿರುಗಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ದಪ್ಪ ಬದಲಾಗುವಲ್ಲಿ ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಸುರು. ಹಳೇ ಆಕ್ಸಲ್ ಕೊಳ್ಳುವವರು ಹೊಳಪು ನೋಡಿದರೆ ಸಾಲದು, ಆ ಮೂಲೆಯನ್ನೂ ನೋಡಬೇಕು.

ಬೇಲಿಯ ತಂತಿಯನ್ನು ಬಗ್ಗಿಸಿ, ನೆಟ್ಟಗೆ ಮಾಡಲು ಹೋಗಿ. ಬಗ್ಗಿದ ಜಾಗ ಗಟ್ಟಿಯಾಗಿ ಹಟ ಮಾಡುತ್ತದೆ. ಬಿಡದೆ ಹಿಂದುಮುಂದು ಮಾಡಿದರೆ ಗಟ್ಟಿಯಾದಲ್ಲೇ ಬಿರಿಯುತ್ತದೆ. ಆಕ್ಸಲಿನಲ್ಲಿ ಇದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನಡೆಯುವುದು, ಅಷ್ಟೆ. ಲೋಹದೊಳಗೆ ಪದರ ಜಾರಿ ಬಿರುಕು ಹುಟ್ಟುವುದನ್ನು ಯೂಯಿಂಗ್, ಹಂಫ್ರಿ ಎಂಬಿಬ್ಬರು 1903ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡರು. ವೋಲರ್ ಆಗ ಇನ್ನೂ ಬದುಕಿದ್ದ.

ಆತ ಹನೋವರಿನಲ್ಲಿ ತೀರಿಕೊಂಡದ್ದು 1914ರ ಮಾರ್ಚಿನಲ್ಲಿ, 94ನೇ ವಯಸ್ಸಿಗೆ. ಬಿಟ್ಟುಹೋದದ್ದು ಬರೀ ಅಂಕಿಗಳ ಪಟ್ಟಿ. ಅದನ್ನು ಗೆರೆಯಾಗಿ ಎಳೆದು ಅವನ ಹೆಸರಿಟ್ಟವರು ಬೇರೆಯವರು. ಬೆಂಗಳೂರಿನ ಎನ್‌ಎಎಲ್‌ನಲ್ಲಿ ವಿಮಾನದ ಭಾಗಗಳಿಗೆ ಭಾರ ಹಾಕಿ ತೆಗೆದು, ಹಾಕಿ ತೆಗೆದು ಪರೀಕ್ಷಿಸುವ ಕೆಲಸದ ಬುಡವೂ ಆ ಗೆರೆಯೇ.