ಮಕ್ಕಳ ಮನಸ್ಸನ್ನು ಅರಿತ ಶಂಕರ್ ನಾಗ್

ಹುಬ್ಬಳ್ಳಿ-ಧಾರವಾಡದ ಆಟೋಗಳ ಮೇಲೆ ಶಂಕರ್ ನಾಗ್ ಅವರ ಚಿತ್ರ ಇಂದಿಗೂ ಕಾಣಸಿಗುತ್ತದೆ. 1980ರ ‘ಆಟೋ ರಾಜ’ ಅವರನ್ನು ದುಡಿಯುವ ಜನರ ನೆಚ್ಚಿನ ನಾಯಕನನ್ನಾಗಿ ಮಾಡಿತು. ಆದರೆ ವಿದ್ಯಾರ್ಥಿಗಳೂ ಶಿಕ್ಷಕರೂ ನೆನೆಯಬೇಕಾದ ಅವರ ಇನ್ನೊಂದು ಸಾಧನೆ ‘ಮಾಲ್ಗುಡಿ ಡೇಸ್’.

ಶಂಕರ್ ನಾಗ್ ಅವರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಭಾಗದಲ್ಲಿ ಜನಿಸಿದರು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಧಾರವಾಡದಲ್ಲಿ ಓದಿದ ಗಿರೀಶ್ ಕಾರ್ನಾಡರು ತಮ್ಮ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೆ ಅವರನ್ನು ಆರಿಸಿದರು. ಅದರ ಅಭಿನಯಕ್ಕೆ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು.

ಕೈತುಂಬ ಚಿತ್ರಗಳಿದ್ದ ಕಾಲದಲ್ಲೇ ಅವರು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಕಿರುತೆರೆಗೆ ತಂದರು. ಮಲೆನಾಡಿನ ಆಗುಂಬೆಯೇ ಮಾಲ್ಗುಡಿಯಾಯಿತು. 1986ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಪ್ರಸಾರವಾದಾಗ ಮಾಸ್ಟರ್ ಮಂಜುನಾಥ್ ಅಭಿನಯಿಸಿದ ಬಾಲಕ ಸ್ವಾಮಿ ದೇಶದ ಮನೆಮನೆಯ ಹುಡುಗನಾದ. ತಂದೆಯ ಪಾತ್ರದಲ್ಲಿ ಕಾರ್ನಾಡರಿದ್ದರು.

ಅದರಲ್ಲೊಂದು ಕಥೆ ಗಮನಾರ್ಹ. ಹುಲಿಯೊಡನೆ ಸೆಣಸಿದ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಅಜ್ಜಿಯ ಪಕ್ಕ ಮಲಗುವ ಸ್ವಾಮಿಯನ್ನು ಕತ್ತಲ ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾರೆ. ಅಂಜಿದ ಹುಡುಗ ಬೆಂಚಿನ ಕೆಳಗೆ ನುಸುಳುತ್ತಾನೆ. ದೆವ್ವವೇ ಬಂತೆಂದು ಬಗೆದು ಕಳ್ಳನ ಕಾಲನ್ನು ಕಚ್ಚಿ ಹಿಡಿಯುತ್ತಾನೆ! ಊರೆಲ್ಲ ಹೊಗಳಿದರೂ ಮರುರಾತ್ರಿ ಅವನು ಮತ್ತೆ ಅಜ್ಜಿಯ ಮಗ್ಗುಲಿಗೇ ಸೇರುತ್ತಾನೆ. ಗದರಿಸಿ ಧೈರ್ಯ ತುಂಬಲಾಗದು ಎಂಬ ಸತ್ಯವನ್ನು ಈ ಕಥೆ ನಗುನಗುತ್ತ ತಿಳಿಸುತ್ತದೆ.

ದೂರದ ಸ್ವೀಡನ್ನಿನಲ್ಲಿಯೂ ಅದೇ ದಶಕದಲ್ಲಿ ಇಂಥ ಪ್ರಯತ್ನ ನಡೆದಿತ್ತು. ಇಂಗ್ಮಾರ್ ಬರ್ಗ್‌ಮನ್ ಅವರು 1982ರ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ಚಿತ್ರದಲ್ಲಿ, ಕಠೋರ ಮಲತಂದೆಯ ಮನೆಯಲ್ಲಿ ನಲುಗುವ ಬಾಲಕನ ಕಲ್ಪನಾಲೋಕವನ್ನು ತೋರಿಸಿದರು. ಅದಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಬಂದವು. ದೇಶ, ಭಾಷೆ ಬೇರೆಯಾದರೂ ಇಬ್ಬರು ನಿರ್ದೇಶಕರೂ ಮಗುವಿನ ಭಯವನ್ನು ಹಗುರವಾಗಿ ಕಾಣಲಿಲ್ಲ.

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದ ಶಂಕರ್ ನಾಗ್ ಅವರು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು. ಆಗ ಅವರಿಗಿನ್ನೂ 35 ವರ್ಷ.

ಅಂಕಪಟ್ಟಿಯಿಂದಲೇ ಮಕ್ಕಳನ್ನು ಅಳೆಯುವ ನಾವು ಸ್ವಾಮಿಯನ್ನು ಮತ್ತೊಮ್ಮೆ ನೋಡಬೇಕು. ಲೆಕ್ಕಕ್ಕೆ ಹೆದರುವ, ಕತ್ತಲಿಗೆ ಅಂಜುವ, ಕನಸು ಕಾಣುವ ಸ್ವಾಮಿ ನಮ್ಮ ಪ್ರತಿ ತರಗತಿಯಲ್ಲೂ ಇದ್ದಾನೆ. ಅವನ ಮಾತಿಗೆ ಕಿವಿಗೊಡುವುದೂ ಶಿಕ್ಷಣವೇ.