ಅನಾಥಾಲಯದ ಹುಡುಗ ವಾಲ್ಟರ್ ಟಲ್

1898ರಲ್ಲಿ ಇಂಗ್ಲೆಂಡಿನ ಕಡಲತೀರದ ಊರಾದ ಫೋಕ್‌ಸ್ಟನ್‌ನಿಂದ ಇಬ್ಬರು ಬಾಲಕರನ್ನು ಲಂಡನ್ನಿನ ಅನಾಥಾಲಯಕ್ಕೆ ಕಳುಹಿಸಲಾಯಿತು. ಅವರಲ್ಲಿ ಕಿರಿಯವನೇ ವಾಲ್ಟರ್ ಟಲ್. ಹುಟ್ಟಿದ್ದು 1888ರ ಏಪ್ರಿಲ್ 28ರಂದು. ತಂದೆ ಡೇನಿಯಲ್, ಬಾರ್ಬಡೋಸ್ ದ್ವೀಪದಿಂದ ವಲಸೆ ಬಂದ ಕರಿಯ ಬಡಗಿ. ಡೇನಿಯಲನ ತಂದೆ ಗುಲಾಮನಾಗಿದ್ದವನು. ತಾಯಿ ಆಲಿಸ್, ಕೆಂಟ್ ಪ್ರಾಂತ್ಯದ ಬಿಳಿಯ ಹೆಣ್ಣುಮಗಳು. 1895ರಲ್ಲಿ ತಾಯಿ ಕ್ಯಾನ್ಸರಿಗೆ ಬಲಿಯಾದಳು. ತಂದೆ ಮರುಮದುವೆಯಾದರೂ 1897ರಲ್ಲಿ ಆತನೂ ಕಣ್ಮುಚ್ಚಿದ. ಮನೆ ತುಂಬ ಮಕ್ಕಳನ್ನು ಒಬ್ಬಳೇ ಸಾಕುವುದು ಮಲತಾಯಿಗೆ ಆಗದ ಮಾತಾಯಿತು.

ಮೆಥಡಿಸ್ಟ್ ಸಭೆಯವರು ನಡೆಸುತ್ತಿದ್ದ ಆ ಅನಾಥಾಲಯದಲ್ಲಿ ಅಣ್ಣ ಎಡ್ವರ್ಡ್ ಜೊತೆಗಿದ್ದಾನೆಂಬುದೊಂದೇ ವಾಲ್ಟರನಿಗೆ ಸಮಾಧಾನ. ಎರಡು ವರ್ಷಗಳಲ್ಲಿ ಅದೂ ಕೈತಪ್ಪಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕುಟುಂಬವೊಂದು ಎಡ್ವರ್ಡನನ್ನು ದತ್ತು ಪಡೆಯಿತು. ಆತ ಮುಂದೆ ದಂತವೈದ್ಯನಾದ. ಅನಾಥಾಲಯದಲ್ಲೇ ಉಳಿದ ವಾಲ್ಟರ್ ಮುದ್ರಣದ ಕೆಲಸ ಕಲಿತ. ಬಿಡುವಿನಲ್ಲಿ ಚೆಂಡು ಒದ್ದ.

ಆ ಚೆಂಡೇ ಆತನ ಬಾಳಿಗೆ ದಾರಿಯಾಯಿತು. 1908ರಲ್ಲಿ ಕ್ಲ್ಯಾಪ್ಟನ್ ಎಂಬ ಹವ್ಯಾಸಿ ತಂಡವನ್ನು ಸೇರಿದವನು ಮರುವರ್ಷವೇ ಲಂಡನ್ನಿನ ಹೆಸರಾಂತ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡದ ವೃತ್ತಿಪರ ಆಟಗಾರನಾದ. ಆದರೆ 1909ರ ಅಕ್ಟೋಬರಿನಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಆತನ ಮೈಬಣ್ಣವನ್ನು ಹಿಡಿದು ಹೀನಾಯವಾಗಿ ನಿಂದಿಸಿತು. ಆತ ತಾಳ್ಮೆಗೆಡದೆ ಆಡಿದ. ಆದರೂ ಅಲ್ಲಿಂದ ಮುಂದೆ ಮೊದಲ ತಂಡದಲ್ಲಿ ಅವಕಾಶಗಳು ವಿರಳವಾದವು. 1911ರಲ್ಲಿ ನಾರ್ತಾಂಪ್ಟನ್ ಟೌನ್ ತಂಡಕ್ಕೆ ಹೋದ ಮೇಲೆ ಆತನ ಆಟ ಮತ್ತೆ ಕಳೆಗಟ್ಟಿತು. ಆ ತಂಡಕ್ಕಾಗಿ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದ.

1914ರಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಅದೇ ಡಿಸೆಂಬರಿನಲ್ಲಿ ವಾಲ್ಟರ್ ಆಟ ಬಿಟ್ಟು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಫುಟ್ಬಾಲ್ ಬೆಟಾಲಿಯನ್ ಸೇರಿದ. ಫ್ರಾನ್ಸಿನ ಕಂದಕಗಳಲ್ಲಿ ಕಂಡ ಘೋರಗಳಿಂದ 1916ರಲ್ಲಿ ಆತನ ಮನಸ್ಸು ಜರ್ಜರಿತವಾಗಿ ಆಸ್ಪತ್ರೆ ಸೇರಬೇಕಾಯಿತು. ಚೇತರಿಸಿಕೊಂಡು ಮತ್ತೆ ಸೋಮ್ ಕದನಕ್ಕೆ ಹೋದ.

ಐರೋಪ್ಯ ವಂಶದವರಲ್ಲದವರು ಅಧಿಕಾರಿಗಳಾಗಲು ಅಂದಿನ ಸೈನ್ಯದ ನಿಯಮಗಳು ಅಡ್ಡಬರುತ್ತಿದ್ದವು. ಆದರೆ ಆತನ ಯೋಗ್ಯತೆಯನ್ನು ಕಣ್ಣಾರೆ ಕಂಡ ಮೇಲಧಿಕಾರಿಗಳು ಆತನನ್ನು ಅಧಿಕಾರಿಗಳ ತರಬೇತಿಗೆ ಕಳುಹಿಸಿದರು. 1917ರ ಮೇ ತಿಂಗಳಲ್ಲಿ ವಾಲ್ಟರ್ ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದ. ಬಿಳಿಯ ಸೈನಿಕರು ಕರಿಯ ಅಧಿಕಾರಿಯ ಆಜ್ಞೆಯಂತೆ ನಡೆಯುವರೇ ಎಂಬ ಸಂಶಯಕ್ಕೆ ಯುದ್ಧಭೂಮಿಯೇ ಉತ್ತರ ಕೊಟ್ಟಿತು. ಇಟಲಿಯ ರಭಸದ ಪಿಯಾವೆ ನದಿಯನ್ನು ರಾತ್ರಿ ದಾಟಿ 26 ಮಂದಿಯನ್ನು ಶತ್ರುಗಳಿದ್ದ ದಡಕ್ಕೆ ಕರೆದೊಯ್ದ ಆತ, ಒಬ್ಬನಿಗೂ ಗಾಯವಾಗದಂತೆ ಹಿಂದಕ್ಕೆ ಕರೆತಂದ. ಆ ಧೈರ್ಯವನ್ನೂ ಶಾಂತಚಿತ್ತವನ್ನೂ ಸೇನಾಪತಿ ಮೆಚ್ಚಿ ಪ್ರಶಂಸಿಸಿದರು.

ಮತ್ತೆ ಫ್ರಾನ್ಸಿಗೆ ಬಂದ ಆತ 1918ರ ಮಾರ್ಚ್ 25ರಂದು, ಜರ್ಮನರ ಭಾರೀ ದಾಳಿಯ ಮಧ್ಯೆ, ಫಾವ್ರೊಯ್ ಎಂಬ ಹಳ್ಳಿಯ ಬಳಿ ಗುಂಡಿಗೆ ಬಲಿಯಾದ. ವಯಸ್ಸು 29. ಸೈನ್ಯ ಹಿಂದೆಗೆಯುತ್ತಿತ್ತು; ಗುಂಡುಗಳ ಸುರಿಮಳೆ ನಿಂತಿರಲಿಲ್ಲ. ಆದರೂ ಆತನ ಸೈನಿಕರು ತಮ್ಮ ಪ್ರಾಣದ ಹಂಗು ತೊರೆದು ಆತನ ದೇಹವನ್ನು ಹೊತ್ತು ತರಲು ಹೆಣಗಾಡಿದರು. ಸಾಧ್ಯವಾಗಲಿಲ್ಲ. ಆತನಿಗೆ ಸಮಾಧಿಯಿಲ್ಲ; ಅರ್ರಾಸ್ ನಗರದ ಸ್ಮಾರಕದ ಗೋಡೆಯ ಮೇಲೆ ಹೆಸರಷ್ಟೇ ಇದೆ.

1999ರಲ್ಲಿ ನಾರ್ತಾಂಪ್ಟನ್ನಿನ ಕ್ರೀಡಾಂಗಣದ ಬಳಿ ಆತನ ನೆನಪಿಗೆ ಸ್ಮಾರಕವೊಂದು ಎದ್ದಿತು. ಬಾಲ್ಯದಲ್ಲಿ ಮನೆಯನ್ನೂ ಅಣ್ಣನ ಜೊತೆಯನ್ನೂ ಕಳೆದುಕೊಂಡವನು, ಬಣ್ಣಕ್ಕಾಗಿ ನಿಂದೆ ಉಂಡವನು, ಕೊನೆಗೆ ತನ್ನನ್ನು ಬಿಟ್ಟು ಹೋಗಲು ಮನಸ್ಸೊಪ್ಪದ ಒಡನಾಡಿಗಳನ್ನು ಗಳಿಸಿಕೊಂಡಿದ್ದ. ಯಾವ ಪದಕಕ್ಕೂ ಮಿಗಿಲಾದ ಗೌರವ ಅದು.